ಎಂಟು ತಂತಿಯ ಟೋಪಿ

ಆಕೆಯ ಕಡತದಲ್ಲಿ ವೈದ್ಯರು ಬರೆದಿದ್ದದ್ದು ಒಂದೇ ಸಾಲು: ‘ಅರ್ಥಪೂರ್ಣ ಪ್ರತಿಕ್ರಿಯೆ ಇಲ್ಲ.’ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡ ಮಾಡಿಕೊಂಡವನು ನಾನು. ಯಾವ ಭಾಷೆಯಲ್ಲಿ ಓದಿದರೂ ತಾತ್ಪರ್ಯ ಬೇರೆಯಾಗುವುದಿಲ್ಲ. ಮಂಚದ ಮೇಲೆ ಇರುವುದು ಒಂದು ದೇಹ, ಒಳಗೆ ಯಾರೂ ಇಲ್ಲ, ಬಾಗಿಲು ಬಡಿಯಲು ಬಂದವರು ಬಂದ ದಾರಿಯಲ್ಲಿ ಹೋಗತಕ್ಕದ್ದು.

ಬಾಗಿಲು ಬಡಿಯುವುದೇ ನನ್ನ ಉದ್ಯೋಗ. ಹಾಸನದ ಆಸ್ಪತ್ರೆಯೊಂದರಲ್ಲಿ ನಾನು ವಾಕ್ ಚಿಕಿತ್ಸಕ. ವಾರದಲ್ಲಿ ಒಂದೊಂದು ದಿನ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ಹೋಗಿ, ಲಕ್ವ ಹೊಡೆದು ಮಾತು ಬಿದ್ದವರ ಮನೆಬಾಗಿಲಲ್ಲಿ ಚಪ್ಪಲಿ ಬಿಡುತ್ತೇನೆ. ಈಕೆ ಚನ್ನರಾಯಪಟ್ಟಣದವರು. ಹೆದ್ದಾರಿಯ ಬದಿಗೆ ಇಡ್ಲಿ ಹೋಟೆಲು, ಅದರ ಬೆನ್ನಿಗೇ ಮನೆ. ಬೆಳಗೊಳಕ್ಕೆ ಹೋಗುವ ಯಾತ್ರಿಕರು, ತೆಂಗಿನಕಾಯಿ ಲಾರಿಯವರು, ಬಸ್ಸಿನ ಡ್ರೈವರುಗಳು, ಇಷ್ಟು ಜನರ ಹೊಟ್ಟೆಯನ್ನೂ ಬಾಯನ್ನೂ ಒಟ್ಟಿಗೆ ಆಳಿದ ಹೆಂಗಸು. ‘ಚಟ್ನಿ ಇನ್ನೊಂಚೂರು’ ಎಂದವನಿಗೆ ಚಟ್ನಿಯ ಜೊತೆಗೆ ನಾಲ್ಕು ಮಾತೂ ಬೀಳುತ್ತಿದ್ದವಂತೆ; ಅದಕ್ಕೆ ಬೇರೆ ದರವಿರಲಿಲ್ಲ. ಒಂದು ಬೆಳಗ್ಗೆ ಇಡ್ಲಿ ಪಾತ್ರೆ ಇಳಿಸುವಾಗ ಮಿದುಳಿನ ಬುಡದಲ್ಲಿ ರಕ್ತ ಕಟ್ಟಿ ಬಿದ್ದರು. ಆಮೇಲೆ ನಾಲಿಗೆ ಹೊರಳಲಿಲ್ಲ, ಬೆರಳು ಅಲ್ಲಾಡಲಿಲ್ಲ.

ಇಂಥ ಪೆಟ್ಟಿನಲ್ಲಿ ಕೆಲವರಿಗೆ ಮೈಯೆಲ್ಲ ನಿಂತರೂ ಬುದ್ಧಿ ಎಚ್ಚರವಾಗಿರುತ್ತದೆ. ಹೆಚ್ಚಿನವರಿಗೆ ಕಣ್ಣಾದರೂ ಮಾತು ಕೇಳುತ್ತದೆ. ಹೊಳೆನರಸೀಪುರದ ಯುವಕನೊಬ್ಬ ಕಣ್ಣು ಮೇಲೆತ್ತಿದರೆ ಹೌದು, ಇಳಿಸಿದರೆ ಇಲ್ಲ. ಅಷ್ಟರಲ್ಲೇ ಅಪ್ಪನ ಜೊತೆ ಪೂರ್ತಿ ಪ್ರಮಾಣದ ಜಗಳ ಆಡುತ್ತಾನೆ. ಅವನಿಗೆ ನಾನು ಕೊಟ್ಟಿರುವುದು ಅಕ್ಷರ ಬರೆದ ಒಂದು ರಟ್ಟು. ಕರೆಂಟು ಬೇಡ, ಚಾರ್ಜು ಬೇಡ, ಮಳೆಯಲ್ಲಿ ನೆನೆದರೆ ಬಿಸಿಲಿಗೆ ಒಣಗುತ್ತದೆ. ಆದರೆ ಚನ್ನರಾಯಪಟ್ಟಣದ ಅಮ್ಮನವರ ಕಣ್ಣುಗುಡ್ಡೆಗಳು ತಮ್ಮಷ್ಟಕ್ಕೆ ತಾವೇ ಅದುರುತ್ತಿದ್ದವು, ರೆಪ್ಪೆ ಅರ್ಧ ಇಳಿದಿತ್ತು. ಯಾವುದು ಅವರ ನೋಟ, ಯಾವುದು ರೋಗದ ನಡುಕ ಎಂದು ಹೇಳುವಂತಿರಲಿಲ್ಲ. ನನ್ನ ರಟ್ಟು ಅಲ್ಲಿ ರಟ್ಟಾಗಿಯೇ ಉಳಿಯಿತು.

ಆ ಹೊತ್ತಿಗೆ ಹಾಸನದ ಇಂಜಿನಿಯರಿಂಗ್ ಕಾಲೇಜೊಂದರ ಪ್ರೊಫೆಸರ್ ಮೇಡಂ ಒಂದು ಯಂತ್ರ ಕಟ್ಟಿ, ಪ್ರಯೋಗಕ್ಕೆ ರೋಗಿಗಳನ್ನು ಹುಡುಕುತ್ತಿದ್ದರು. ಪತ್ರಿಕೆಯವರು ಅದನ್ನು ‘ಮನಸ್ಸು ಓದುವ ಯಂತ್ರ’ ಎಂದು ಬರೆದದ್ದು ಅವರಿಗೂ ನನಗೂ ಒಟ್ಟಿಗೆ ಸಿಟ್ಟು ತರಿಸಿದ್ದರಿಂದಲೇ ನಮ್ಮ ಸ್ನೇಹ ಶುರುವಾಯಿತು. ಅದು ಯಾರ ಮನಸ್ಸನ್ನೂ ಓದುವುದಿಲ್ಲ. ತಲೆಗೆ ಬಿಗಿಯುವ ಬಟ್ಟೆಯ ಟೋಪಿ, ಅದರಲ್ಲಿ ಎಂಟು ಬಿಲ್ಲೆ, ಎಂಟು ತಂತಿ, ಒಂದು ಲ್ಯಾಪ್‌ಟಾಪು. ಕಿವಿಯಲ್ಲಿ ನಾಲ್ಕು ಮಾತುಗಳು ಕಲಸಿಕೊಂಡು ಬರುತ್ತಲೇ ಇರುತ್ತವೆ: ಸರಿ, ಬೇಡ, ಸಾಕು, ಇನ್ನೂ. ತನಗೆ ಬೇಕಾದ ಮಾತು ಬಂದಾಗಲೆಲ್ಲ ರೋಗಿ ಅದನ್ನು ಮನಸ್ಸಿನಲ್ಲೇ ಎಣಿಸಬೇಕು. ಕಾದಿದ್ದ ಮಾತು ಕಿವಿಗೆ ಬಿದ್ದ ಮೇಲೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಮಿದುಳು ಒಮ್ಮೆ ‘ಅಗೋ’ ಎನ್ನುತ್ತದೆ. ಆ ‘ಅಗೋ’ ಎಷ್ಟು ಸಣ್ಣದೆಂದರೆ ಸುತ್ತಲಿನ ಗದ್ದಲದಲ್ಲಿ ಒಂದು ಸಲಕ್ಕೆ ಕಾಣುವುದೇ ಇಲ್ಲ. ಅದಕ್ಕೇ ಅದೇ ಮಾತನ್ನು ಮತ್ತೆ ಮತ್ತೆ ಕೇಳಿಸಿ, ಬಂದ ಗೆರೆಗಳನ್ನೆಲ್ಲ ಸೇರಿಸಿ ಸರಾಸರಿ ತೆಗೆಯಬೇಕು. ನೋಟ ಬೇಡ, ಬೆರಳು ಬೇಡ. ಕಿವಿ ಇದ್ದರೆ ಸಾಕು, ಮತ್ತು ಒಳಗೆ ಯಾರಾದರೂ ಇರಬೇಕು.

ಟೋಪಿ ಇದ್ದದ್ದು ಒಂದೇ. ಅರಕಲಗೂಡಿನ ನಿವೃತ್ತ ಮೇಷ್ಟ್ರೊಬ್ಬರು ಸ್ವಲ್ಪ ದಿನ ಹಾಕಿಕೊಂಡು, “ನನಗೆ ಕಣ್ಣಿದೆ, ಕಣ್ಣೂ ಇಲ್ಲದವರಿಗೆ ಕೊಡಿ” ಎಂದು ರಟ್ಟಿನ ಮೇಲೆ ಕಣ್ಣಾಡಿಸಿ ಹೇಳಿ ವಾಪಸು ಮಾಡಿದರು. ಹಾಗೆ ಅದು ಚನ್ನರಾಯಪಟ್ಟಣಕ್ಕೆ ಬಂತು. ಆಸ್ಪತ್ರೆಯ ಕರಾರು ಹೀಗಿತ್ತು: ಯುಗಾದಿಯೊಳಗೆ, ಕಡತದಲ್ಲಿ ಆ ಸಾಲು ಬರೆದ ನರರೋಗ ತಜ್ಞರೇ ಪರೀಕ್ಷೆ ಮಾಡಬೇಕು. ಪ್ರತಿಕ್ರಿಯೆ ಕಂಡರೆ ಟೋಪಿ ಅವರ ಮನೆಯಲ್ಲೇ ಉಳಿಯುತ್ತದೆ. ಕಾಣದಿದ್ದರೆ ಟೋಪಿ ಹೋಗುತ್ತದೆ, ಕಡತ ಮುಚ್ಚುತ್ತದೆ, ನನ್ನ ವಾರದ ಭೇಟಿಯೂ ನಿಲ್ಲುತ್ತದೆ.

ಮನೆಯಲ್ಲಿ ಕಡತ ಆಗಲೇ ಅರ್ಧ ಮುಚ್ಚಿತ್ತು. ಹೋಟೆಲನ್ನು ಈಗ ನಡೆಸುತ್ತಿದ್ದವರು ಅಮ್ಮನವರ ನಾದಿನಿ. ಅತ್ತಿಗೆಯ ಬೆನ್ನಿಗೆ ಒಂದು ಹುಣ್ಣಾಗದಂತೆ ಹೊರಳಿಸಿ, ಮೂಗಿನ ನಳಿಕೆಯಲ್ಲಿ ಗಂಜಿ ಇಳಿಸಿ ನೋಡಿಕೊಂಡ ಹೆಂಗಸು. ಆಸ್ಪತ್ರೆಯಲ್ಲೂ ಅಂಥ ಆರೈಕೆ ಕಂಡಿಲ್ಲ. ಆದರೆ ಮಾತು ಮಾತ್ರ ಮಂಚದ ಮೇಲಿಂದ ಹಾದುಹೋಗುತ್ತಿತ್ತು.

“ಈ ಮಂಚನ ಹಿಂದ್ಲ ಕಾಯಿ ಕೋಣೆಗೆ ಹಾಕ್ಬುಡಾನ ಅಂತಿದೀವಿ ಸಾ,” ಎಂದರು, ಅತ್ತಿಗೆಯ ದಿಂಬು ಸರಿಮಾಡುತ್ತಲೇ. “ಇಲ್ಲಿ ಗಿರಾಕಿಗೆ ಎಲ್ಡು ಟೇಬ್ಲು ಆಯ್ತವೆ. ಅವ್ಳಿಗೇನು, ಇಲ್ಲಾದ್ರೇನು, ಅಲ್ಲಾದ್ರೇನು.”

“ಅವರನ್ನೇ ಒಂದು ಮಾತು ಕೇಳೋಣ ತಾಳಿ,” ಎಂದೆ.

“ಕೇಳಿ ಸಾ, ಯಾರ್ ಬ್ಯಾಡ ಅಂದವ್ರು. ಡಾಕುಟ್ರು ಕೇಳ್ನಿಲ್ವಾ? ನಾನ್ ಕೇಳ್ನಿಲ್ವಾ?”

ಕೇಳಿದ್ದರು. ಉತ್ತರ ಬಂದಿರಲಿಲ್ಲ. ಪಟ್ಟಣದಲ್ಲೇ ಹೆಚ್ಚು ಮಾತಾಡಿದ ಹೆಂಗಸನ್ನು, ಎಣ್ಣೆ ತೆಗೆಯಲು ಒಣಗಿಸಿಟ್ಟ ಕೊಬ್ಬರಿಯ ಜೊತೆ ಒಂದೇ ಕೋಣೆಯಲ್ಲಿಡುವುದು ಯಾರಿಗೂ ತಪ್ಪಾಗಿ ಕಾಣದ ಸ್ಥಿತಿಗೆ ಬಂದಿತ್ತು. ನಾನು ಹಟ ಹಿಡಿದದ್ದು ಅಲ್ಲಿಂದ.

ಮೇಡಂ ಮತ್ತು ನಾನು ಸರ್ಕಾರಿ ಬಸ್ಸಿನಲ್ಲಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಹೊರಟೆವು. ಕಂಡಕ್ಟರು ಲಗೇಜಿನ ಕಣ್ಣಿನಿಂದ ಡಬ್ಬ ನೋಡಿ, “ಏನ್ ಸಾ ಒಳ್ಗೆ?” ಎಂದ.

“ಟೋಪಿ.”

“ಟೋಪಿ ಹಾಕಕ್ಕೆ ಇಬ್ರು ಯಾಕ್ ಸಾ? ನಮ್ಮೂರ್ನಾಗೆ ಒಬ್ರೇ ಸಲೀಸಾಗ್ ಹಾಕ್ತಾರೆ.”

ಮೊದಲ ದಿನ ನಮ್ಮನ್ನು ಸೋಲಿಸಿದ್ದು ವಿಜ್ಞಾನವಲ್ಲ, ಎಣ್ಣೆ. ಬಿಲ್ಲೆಗೂ ನೆತ್ತಿಗೂ ನಡುವೆ ಒಂದು ಥರದ ಲೋಳೆ ಹಚ್ಚುತ್ತಾರೆ, ಮಿದುಳಿನ ವಿದ್ಯುತ್ತು ಅದರ ಮೂಲಕ ಹಾಯಬೇಕು. ಅಂದು ಎಂಟು ತಂತಿಗಳಲ್ಲಿ ಒಂದೂ ಮಾತಾಡಲಿಲ್ಲ. ಮೇಡಂ ಬಿಲ್ಲೆ ಎತ್ತಿ ನೋಡಿದರೆ ಅದು ಮೀನಿನ ಹಾಗೆ ಜಾರಿತು. ಇಂಜಿನಿಯರು ಬರುತ್ತಾರೆ, ತಲೆ ಮುಟ್ಟುತ್ತಾರೆ ಎಂದು ನಾದಿನಿ ಬೆಳಗ್ಗೆಯೇ ಗಾಣದ ಕೊಬ್ಬರಿ ಎಣ್ಣೆಯನ್ನು ನೆತ್ತಿ ತುಂಬ ತಟ್ಟಿ ಇಂಗಿಸಿದ್ದರು.

“ಎಣ್ಣೆ ಹಚ್ಚಬಾರದು ಅಂತ ಹೇಳಿದ್ವಲ್ಲ,” ಎಂದರು ಮೇಡಂ.

“ನೀವ್ ಯೋಳಿದ್ದು ದಿನಾ ಹಚ್ಚಾ ಎಣ್ಣೆ ಕಣವ್ವ. ಇದು ಮಿಶೀನು ಕಾವು ತಗಂಡ್ರೆ ತಲೆ ತಂಪಿರ್ಲಿ ಅಂತ ಬ್ಯಾರೆ ಹಚ್ಚಿದ್ದು.”

ಮುಂದಿನ ವಾರ ಸೀಗೆಪುಡಿ ಹಾಕಿ ತಲೆ ತೊಳೆಸಿದೆವು. ಎಣ್ಣೆ ಹೋಯಿತು, ಆದರೆ ಗೆರೆಗಳೆಲ್ಲ ಗುಂಯ್‌ಗುಟ್ಟತೊಡಗಿದವು. ಗೋಡೆಯಾಚೆ ಹೋಟೆಲಿನ ಗ್ರೈಂಡರು, ಈಚೆ ಫ್ರಿಜ್ಜು, ಮಂಚದ ತಲೆದೆಸೆಯಲ್ಲೇ ಕರೆಂಟಿನ ವೈರು. ಮಿದುಳಿನ ಪಿಸುಮಾತಿನ ಪಕ್ಕದಲ್ಲಿ ಇವು ಮೂರೂ ಮೈಕು ಹಿಡಿದು ಕೂತಿದ್ದವು. ಮಂಚವನ್ನು ನಡುಮನೆಗೆ ಎಳೆದೆವು, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿದೆವು, ಫ್ರಿಜ್ಜು ಆರಿಸಿದೆವು. ಗ್ರೈಂಡರಿನ ವಿಷಯ ಎತ್ತಿದಾಗ ನಾದಿನಿ ಸೊಂಟಕ್ಕೆ ಕೈಯಿಟ್ಟರು. “ನಾಳಿಕ್ಕೆ ಬಸ್ನೋರು ಇಡ್ಲಿ ಕೇಳಿದ್ರೆ ನಿಮ್ ಟೋಪಿ ಬೇಯ್ಸಿ ಕೊಡ್ಲಾ ಸಾ?” ಕೊನೆಗೆ, ನಾವಿರುವ ದಿನ ಹಿಟ್ಟನ್ನು ಬೆಳಗಿನ ಜಾವವೇ ರುಬ್ಬಿಡುವುದೆಂದು ಒಪ್ಪಂದವಾಯಿತು. ಯಂತ್ರ ಸರಿಯಿದೆಯೇ ಎಂದು ನೋಡಲು ಮೊದಲು ಯಜಮಾನರ, ಎಂದರೆ ಅಮ್ಮನವರ ಗಂಡನ, ತಲೆಗೆ ಟೋಪಿ ಹಾಕಿದೆವು. ಅವರ ಮಿದುಳಿನಲ್ಲೂ ಅಲೆ ಏಳುತ್ತದೆಂದು ಸಾಬೀತಾಯಿತು. ಹೋಟೆಲಿನಲ್ಲಿ ಅದನ್ನು ನಂಬಿದವರು ಕಡಿಮೆ.

ಅಮ್ಮನವರ ಕೂದಲು ದಟ್ಟ. ಬಾಚಣಿಗೆಯ ತುದಿಯಿಂದ ಬೈತಲೆ ಬೈತಲೆಯಾಗಿ ಬಿಡಿಸಿ, ಒಂದೊಂದು ಬಿಲ್ಲೆಯ ಕೆಳಗೂ ನೆತ್ತಿ ಹುಡುಕಬೇಕಿತ್ತು. ಬೇಸತ್ತ ಮೇಡಂ, “ಸರ್, ಕೂದಲು ತೆಗೆಸಿಬಿಟ್ಟರೆ ಸಿಗ್ನಲ್ ಚೆನ್ನಾಗಿ ಬರುತ್ತೆ,” ಎಂದರು. ಯಜಮಾನರ ಮುಖ ಕಪ್ಪಿಟ್ಟಿತು. ನಾನು, “ಕೂದಲು ಯಾರದೋ ಅವರನ್ನೇ ಕೇಳೋಣ,” ಎಂದು ಅಮ್ಮನವರ ಕಿವಿಯ ಬಳಿ ಬಗ್ಗಿ ಕೇಳಿ, ಆಮೇಲೆ ಇಯರ್‌ಫೋನು ಇಟ್ಟೆ. ನಾಲ್ಕು ಮಾತು ತಿರುಗಿದವು, ತಿರುಗಿದವು, ತಿರುಗಿದವು. ಪರದೆಯ ಮೇಲೆ ಮೂರು ಗೆರೆಗಳು ಮಲಗಿದ್ದವು; ಒಂದು ಮಾತ್ರ, ಬರಬೇಕಾದ ಜಾಗದಲ್ಲಿ, ಮೊಣಕಾಲು ಮಡಿಸಿದ ಹಾಗೆ ಎದ್ದಿತ್ತು. ಬೇಡ.

ಮೇಡಂ ಬಾಚಣಿಗೆ ಎತ್ತಿಕೊಂಡು ಮತ್ತೆ ಬೈತಲೆ ತೆಗೆಯತೊಡಗಿದರು. ಯಜಮಾನರು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು.

ವೈದ್ಯರಿಗೆ ಇದನ್ನು ಹೇಳಿದಾಗ ಅವರು ತಲೆಯಾಡಿಸಿದರು. “ನಾಲ್ಕರಲ್ಲಿ ಒಂದು ಮಾತು ಆಕಸ್ಮಿಕವಾಗಿಯೂ ಬರಬಹುದು ರೀ. ಅಕ್ಷರ ಕೂಡಿಸಿ ಒಂದು ಪದ ಹೇಳಲಿ, ಒಪ್ಪುತ್ತೇನೆ.” ತಪ್ಪೇನೂ ಹೇಳಿರಲಿಲ್ಲ. ಅದೇ ಬೇಜಾರು.

ಹಾಗಾಗಿ ಅಕ್ಷರಕ್ಕೆ ಇಳಿದೆವು. ನಮ್ಮ ಹಿರಿಯರು ವರ್ಣಮಾಲೆಯನ್ನು ಸಾಲು ಸಾಲಾಗಿ ಕೂರಿಸಿಟ್ಟದ್ದು ಇದಕ್ಕೇ ಇರಬೇಕೆಂದು ನನಗೆ ಅಂದು ಅನ್ನಿಸಿತು. ಮೊದಲು ಯಂತ್ರ ಸಾಲುಗಳ ಹೆಸರು ಹೇಳುತ್ತದೆ: ಅ ಸಾಲು, ಕ ಸಾಲು, ಪ ಸಾಲು. ಸಾಲು ಆರಿಸಿದ ಮೇಲೆ ಅದರೊಳಗಿನ ಅಕ್ಷರಗಳು. ಅಕ್ಷರ ಸಿಕ್ಕ ಮೇಲೆ ಅದರ ಗುಣಿತ: ತಲೆಕಟ್ಟು, ಇಳಿ, ಗುಡಿಸು, ಕೊಂಬು. ಒತ್ತಕ್ಷರವನ್ನು ನಾನೇ ರದ್ದು ಮಾಡಿಸಿದೆ. ಒತ್ತಿಲ್ಲದಿದ್ದರೂ ಕನ್ನಡಿಗ ಓದಿಕೊಳ್ಳಬಲ್ಲ, ಅಂಗಡಿ ಬೋರ್ಡುಗಳೇ ಸಾಕ್ಷಿ. ಆದರೆ ಯಾವುದನ್ನೂ ಕ್ರಮದಲ್ಲಿ ಹೇಳುವಂತಿಲ್ಲ. ಮುಂದೇನೆಂದು ಗೊತ್ತಿದ್ದರೆ ಮಿದುಳು ‘ಅಗೋ’ ಎನ್ನುವುದಿಲ್ಲ. ಆದ್ದರಿಂದ ಯಂತ್ರ ನಪಾಸಾದ ಹುಡುಗನ ಹಾಗೆ ‘ಪ, ಕ, ಯ, ಅ, ಟ’ ಎಂದು ಒಪ್ಪಿಸುತ್ತಿತ್ತು. ಒಂದು ಅಕ್ಷರ ಬರುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು.

ಅಕ್ಷರದ ಗೆರೆಗಳನ್ನು ಯಂತ್ರ ಗುರುತು ಹಿಡಿಯಲು, ಮೊದಲು ನಮಗೆ ಗೊತ್ತಿರುವ ಒಂದು ಪದವನ್ನೇ ಅವರಿಂದ ಹೇಳಿಸಬೇಕು. ಆಸ್ಪತ್ರೆಯ ಪ್ರಮಾಣಿತ ಪ್ರಶ್ನೆಗಳಲ್ಲಿ ಹೆಂಗಸರಿಗೆ ಮೊದಲ ಪ್ರಶ್ನೆ ಗಂಡನ ಹೆಸರು. ಮೇಡಂಗೂ ಅದು ಸರಿಯೆನಿಸಿತು: ಮರೆಯಲಾರದ ಹೆಸರು, ಉದ್ದದ ಹೆಸರು, ಅಕ್ಷರಗಳು ಬೇಕಾದಷ್ಟು. “ಅಮ್ಮ, ಯಜಮಾನರ ಹೆಸರು ಹೇಳಿ,” ಎಂದು ಕಿವಿಯಲ್ಲಿ ಹೇಳಿ ಶುರು ಮಾಡಿದೆವು.

ಏನೂ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಬಿಲ್ಲೆ ಬದಲಾಯಿಸಿದೆವು, ಲೋಳೆ ಬದಲಾಯಿಸಿದೆವು, ದನಿ ಸ್ಪಷ್ಟವಿಲ್ಲವೇನೋ ಎಂದು ಅಕ್ಷರಗಳನ್ನೆಲ್ಲ ನನ್ನ ಕಂಠದಲ್ಲಿ ಮತ್ತೆ ಮುದ್ರಿಸಿದೆವು. ಗೆರೆ ಚಳಿಗಾಲದ ಕೆರೆಯಂತೆ ಸಪಾಟು. ಮೇಡಂ ಪ್ರಾಮಾಣಿಕರು, ಫಲಿತಾಂಶವನ್ನು ಇದ್ದದ್ದು ಇದ್ದಂತೆ ವೈದ್ಯರಿಗೆ ಕಳಿಸಿದರು. ಅಕ್ಷರ ಪರೀಕ್ಷೆ: ಪ್ರತಿಕ್ರಿಯೆ ಇಲ್ಲ. ಯುಗಾದಿ ಹತ್ತಿರವಿತ್ತು. ಕಾಯಿ ಕೋಣೆಯನ್ನು ಗುಡಿಸಿ, ಗೋಡೆಗೆ ಸುಣ್ಣ ಬಳಿದಿದ್ದರು.

ಹಾಸನಕ್ಕೆ ಮರಳುವ ಮುನ್ನ, ಕಾಗದಕ್ಕೆ ಇಳಿಸಿಕೊಂಡಿದ್ದ ಗೆರೆಗಳನ್ನು ನಡುಮನೆಯ ನೆಲದ ಮೇಲೆ ಹರಡಿಕೊಂಡು ಕೂತೆ. ಒಂದು ಸಂಗತಿ ನನ್ನನ್ನು ಬಿಡಲಿಲ್ಲ. ಪ್ರತಿ ವಾರ ಕೆಲಸ ಶುರುಮಾಡುವ ಮುಂಚೆ ನಾಲ್ಕು ಮಾತುಗಳ ಅಭ್ಯಾಸ ನಡೆಯುತ್ತಿತ್ತು. ಅಲ್ಲಿ ಅಲೆ ಏಳುತ್ತಿತ್ತು. ಅದೇ ದಿನ, ಅದೇ ಟೋಪಿ, ಅದೇ ತಲೆ. ಗಂಡನ ಹೆಸರು ಕೇಳಿದೊಡನೆ ಅಲೆ ಮಲಗುತ್ತಿತ್ತು. ಪ್ರಜ್ಞೆ ಇಲ್ಲದವರು ಎಲ್ಲದಕ್ಕೂ ಸುಮ್ಮನಿರುತ್ತಾರೆ. ಹೀಗೆ ಆರಿಸಿ ಆರಿಸಿ ಸುಮ್ಮನಿರುವುದಿಲ್ಲ.

ಯಜಮಾನರನ್ನು ಕರೆದೆ. “ಇವರು ನಿಮ್ಮನ್ನ ಮನೇಲಿ ಏನಂತ ಕರೀತಿದ್ರು?”

“ಕರಿಯಾದೆಲ್ಲಿ ಬಂತು ಸಾ. ಬೈತಿದ್ಲು.”

“ಬೈಯುವಾಗ ಹೆಸರು ಹಿಡೀತಿದ್ರಾ?”

ಅವರು ನನ್ನನ್ನು ಕನಿಕರದಿಂದ ನೋಡಿದರು. “ಹೆಸ್ರೆಂಗ್ ಹಿಡಿತಾಳೆ ಸಾ? ಗಂಡ ಅಲ್ವಾ ನಾನು.”

ಒಳಗಿನಿಂದ ನಾದಿನಿಯ ನಗು ಕೇಳಿಸಿತು. “ರೇಸನ್ ಕಾರ್ಡ್ ಆಪೀಸ್ನಾಗೆ ಆವಯ್ಯ ಗಂಡನ ಹೆಸ್ರು ಯೋಳು ಅಂದ್ರೆ, ಯೋಳ್ನೇ ಇಲ್ಲ ಸಾ. ನನ್ನ ಮಕ ನೋಡಿದ್ಲು, ನಾನ್ ಯೋಳ್ದೆ. ಆಯ್ಕಂಡು ಆಯ್ಕಂಡು ಬೈಯ್ಯೋಳೇ, ಆದ್ರೆ ಹೆಸ್ರು ಮಾತ್ರ ಊಹೂಂ. ಆಪೀಸರ್ಗೇ ಯೋಳ್ದೆ ಇದ್ದೋಳು ನಿಮ್ ಟೋಪಿಗೆ ಯೋಳ್ತಾಳಾ?”

ಹೇಳಿದ ಮೇಲೆ ನಡುಮನೆಗೆ ಬಂದು ಮಂಚದ ಕಡೆ ತಿರುಗಿದರು. ತಾವು ಆಡಿದ್ದು ಎಂಥ ಮಾತೆಂದು ಅವರಿಗೆ ಆಗ ಹೊಳೆದಿರಬೇಕು. ಹೇಳುವುದಿಲ್ಲ ಎನ್ನುವುದಕ್ಕೂ ಒಬ್ಬಳು ಇರಬೇಕಲ್ಲ.

ಟೋಪಿ ಇನ್ನೂ ತಲೆಯ ಮೇಲೇ ಇತ್ತು. ಮೇಡಂ ಕೇಳದೆಯೇ ಲ್ಯಾಪ್‌ಟಾಪು ತೆರೆದರು. “ಅಮ್ಮ, ಹೆಸರು ಬೇಡ. ಕಾಫಿ ಅಂತ ಹೇಳಿ,” ಎಂದೆ. ಕ ಸಾಲಿನಲ್ಲಿ ಅಲೆ ಎದ್ದಿತು. ಕ ಅಕ್ಷರದಲ್ಲಿ ಎದ್ದಿತು. ಇಳಿಯಲ್ಲಿ ಎದ್ದಿತು. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಗೆರೆ ಅಲ್ಲೇ ಇದೆಯೇ ಎಂದು ನೋಡಿದರು.

ಮರುದಿನ ವೈದ್ಯರ ಕೋಣೆಯಲ್ಲಿ ನಡೆದ ಮಾತುಕತೆಯನ್ನು ಚರ್ಚೆ ಎನ್ನುವುದು ಸೌಜನ್ಯ. ನಾನು ಸಂಗತಿ ವಿವರಿಸಿದೆ.

“ಈ ಕಾಲದಲ್ಲೂ ಗಂಡನ ಹೆಸರು ಹೇಳದವರು ಇದ್ದಾರಾ?” ಎಂದರು.

“ಈ ಕಾಲದಲ್ಲೇ ಇದ್ದಾರೆ ಸರ್. ನಿಮ್ಮ ಹೊರರೋಗಿ ವಿಭಾಗದಲ್ಲೇ ಸಾಲಾಗಿ ಕೂತಿರ್ತಾರೆ. ಅವರಿಗೂ ಪ್ರಜ್ಞೆ ಇಲ್ಲ ಅಂತ ಬರೀತೀರಾ?”

“ಸೆಂಟಿಮೆಂಟ್ ಬಿಡ್ರಿ. ಕಾಫಿ ಅನ್ನೋ ಪದ ನಿಮಗೆ ಮೊದಲೇ ಗೊತ್ತಿತ್ತು. ನೀವೇ ಇಟ್ಟದ್ದನ್ನ ನೀವೇ ಹುಡುಕಿದ್ರೆ ಸಿಗದೆ ಏನು? ಪ್ರಮಾಣಿತ ಪ್ರಶ್ನೆ ಇದೆ. ಅದನ್ನೇ ನನ್ನೆದುರು ಇನ್ನೊಂದ್ಸಲ ಕೇಳಿ. ಉತ್ತರ ಬಂದ್ರೆ ಬಂತು.”

ಇಲ್ಲಿ ನಾನು ಒಂದು ತೀರ್ಮಾನಕ್ಕೆ ಬರಬೇಕಿತ್ತು. ಒಪ್ಪಿಕೊಂಡು ಬಂದು, ಅಮ್ಮನವರನ್ನೇ ಗೋಗರೆಯಬಹುದಿತ್ತು: ಒಂದೇ ಒಂದು ಸಲ, ಅಮ್ಮ, ಪರೀಕ್ಷೆಗಾಗಿ. ಸುಲಭದ ದಾರಿ. ಬದುಕಿನಲ್ಲಿ ಇನ್ನು ಅವರ ಕೈಯಲ್ಲಿ ಉಳಿದಿದ್ದದ್ದು ಹೇಳುವುದು, ಹೇಳದಿರುವುದು ಎರಡೇ. ಅದರಲ್ಲಿ ಒಂದನ್ನು ಕಿತ್ತುಕೊಂಡು ಇನ್ನೊಂದನ್ನು ದಯಪಾಲಿಸುವುದು ಯಾವ ಚಿಕಿತ್ಸೆ?

“ಆ ಪ್ರಶ್ನೆಯನ್ನ ನಾನು ಕೇಳೋದಿಲ್ಲ ಸರ್,” ಎಂದೆ. “ನನ್ನ ಮೇಲಧಿಕಾರಿಗೆ ಬರೆಯೋದಿದ್ರೆ ಬರೀರಿ. ಆದ್ರೆ ನಿಮ್ಮ ಅನುಮಾನ ನ್ಯಾಯವಾದದ್ದು. ನಮಗೆ ಗೊತ್ತಿಲ್ಲದ ಪದ ಬೇಕು, ಅಷ್ಟೆ ತಾನೆ? ನೀವೇ ಬನ್ನಿ. ಒಂದು ಪದ ಅವರ ಕಿವಿಯಲ್ಲಿ ನೀವೇ ಹೇಳಿ. ನಾವೆಲ್ಲ ಹೊರಗಿರ್ತೀವಿ. ಆಮೇಲೆ ನೀವು ಹೊರಗಿರಿ, ನಾವು ಒಳಗೆ ಬರ್ತೀವಿ. ನಿಮ್ಮ ಮುಖ ನೋಡಿ ನಾವು ಊಹಿಸಿದೆವು ಅನ್ನೋ ಮಾತೂ ಬೇಡ.”

ಅವರು ಪೆನ್ನಿನ ಮುಚ್ಚಳವನ್ನು ಹಾಕಿದರು, ತೆಗೆದರು. “ಬರದಿದ್ರೆ?”

“ನಿಮ್ಮ ಸಾಲೇ ಉಳೀತದೆ. ನಾನೇ ಟೋಪಿ ಹೊತ್ತುಕೊಂಡು ಬರ್ತೀನಿ.”

ಹೊರಗೆ ಬಂದಾಗ ಮೇಡಂ, “ಸರ್, ಒಂದೇ ಪದದ ಮೇಲೆ ಎಲ್ಲಾನೂ ಕಟ್ಟಿಬಿಟ್ರಿ. ಅವತ್ತು ಅವರಿಗೆ ನಿದ್ದೆ ಬಂದಿದ್ರೆ?” ಎಂದರು. ಉತ್ತರವಿಲ್ಲದಾಗ ಗಂಭೀರವಾಗಿರುವುದು ನನ್ನ ಅಭ್ಯಾಸ.

ವೈದ್ಯರು ಕಾರಿನ ಬದಲು ನಮ್ಮ ಜೊತೆ ಬಸ್ಸಿನಲ್ಲೇ ಬಂದರು. ಅದು ನನಗೆ ಸ್ವಲ್ಪ ಇಷ್ಟವಾಯಿತು. ಹೋಟೆಲಿನ ಬಾಗಿಲು ಅರ್ಧ ಎಳೆದಿತ್ತು. ಫ್ರಿಜ್ಜಿನ ಪ್ಲಗ್ಗನ್ನು ಹೇಳುವ ಮುಂಚೆಯೇ ಕಿತ್ತಿದ್ದರು. ಅಮ್ಮನವರ ತಲೆ ತೊಳೆದು, ಬಾಚಿ, ಹಣೆಗೆ ಕುಂಕುಮ ಇಟ್ಟು, ಇಸ್ತ್ರಿ ಮಾಡಿದ ಸೀರೆ ಹೊದಿಸಿದ್ದರು. ಟೋಪಿ ಬಿಗಿದು, ಎಂಟು ತಂತಿಗಳೂ ಸರಿಯಿವೆಯೆಂದು ನೋಡಿ, ನಾವೆಲ್ಲ ಹಿತ್ತಿಲಿಗೆ ಹೋದೆವು. ವೈದ್ಯರು ಒಬ್ಬರೇ ಒಳಗಿದ್ದು ಬೇಗ ಹೊರಬಂದರು. ಅವರನ್ನು ಹೋಟೆಲಿನ ಬೆಂಚಿನ ಮೇಲೆ ಕೂರಿಸಿ ಕದ ಮುಚ್ಚಿದೆವು.

ಮೊದಲ ಸುತ್ತಿಗೆ ಯಂತ್ರ ‘ಚ ಸಾಲು’ ಎಂದಿತು. ನನಗೆ ಸಂಶಯ ಬಂತು, ಆದರೆ ಸಂಶಯ ಪಡುವುದು ನನ್ನ ಕೆಲಸವಲ್ಲ. ನಮಗ್ಯಾರಿಗೂ ಪದ ಗೊತ್ತಿರಲಿಲ್ಲ. ನಿಯಮದಂತೆ ನಾಲ್ಕು ಮಾತುಗಳಿಗೆ ಹೋಗಿ, ಇದು ಸರಿಯೇ ಎಂದು ಅವರನ್ನೇ ಕೇಳಿದೆವು. ಬೇಡ, ಎಂದು ಬಂತು. ಮೇಡಂ ಅಳಿಸಿದರು. ಒಂದು ಬಿಲ್ಲೆ ಸಡಿಲವಾಗಿತ್ತು, ಒತ್ತಿ ಕೂರಿಸಿದರು. ಎರಡನೆಯ ಸುತ್ತು ಪ ಸಾಲು. ಸರಿ. ಅದರೊಳಗೆ ಮ. ಸರಿ. ಗುಣಿತ, ತಲೆಕಟ್ಟು. ಯ ಸಾಲು. ಸರಿ. ರ. ಯಜಮಾನರು ಗೋಡೆಗೆ ಒರಗಿ ನಿಂತು ತುಟಿಯಲ್ಲೇ ಕೂಡಿಸಿ ಓದಿದರು. “ಮರ. ಮರ ಅಂತ ಅಯ್ತೆ ಸಾ.”

ನಾನು ಹೋಗಿ ಕದ ತೆಗೆದೆ. “ಯಾವ ಪದ ಹೇಳಿದ್ರಿ ಸರ್?”

“ನೀವು ಹೇಳಿ.”

“ಮರ.”

ವೈದ್ಯರು ಒಳಗೆ ಬಂದು ಪರದೆಯನ್ನು ನೋಡಿದರು, ಗೆರೆಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಸರಿಸಿ ನೋಡಿದರು. “ಸರಿಯಾಗಿದೆ,” ಎಂದರು ಕೊನೆಗೆ. “ಎರಡೇ ಅಕ್ಷರ, ಗುಣಿತ ಇಲ್ಲ, ಸುಲಭ ಇರಲಿ ಅಂತ ಅದನ್ನ ಹೇಳಿದೆ.” ಮೇಡಂ ಮುಖ ಮುಚ್ಚಿಕೊಂಡರು. ವೈದ್ಯರು ಕಡತ ತೆಗೆದು ತಮ್ಮ ಹಳೆಯ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆಯತೊಡಗಿದರು. ನಾವು ನಾವೇ ಮಾತಾಡಿಕೊಳ್ಳತೊಡಗಿದೆವು: ಟೋಪಿಯನ್ನು ಯಾರು ತೊಳೆಯುವುದು, ಲೋಳೆ ಎಲ್ಲಿ ಸಿಗುತ್ತದೆ, ವಾರಕ್ಕೆ ಎಷ್ಟು ಸಲ. ಗೆದ್ದ ಅರೆಗಳಿಗೆಯಲ್ಲೇ ಮತ್ತೆ ಮಂಚದ ಮೇಲಿಂದ ಮಾತಾಡುತ್ತಿದ್ದೆವು.

ಇಯರ್‌ಫೋನು ಅವರ ಕಿವಿಯಲ್ಲೇ ಇತ್ತು. ಪದ ಮುಗಿದ ಮೇಲೆ ಯಂತ್ರ ತಾನಾಗಿ ನಾಲ್ಕು ಮಾತು ತಿರುಗಿಸುತ್ತದೆ. ರೋಗಿ ‘ಸಾಕು’ ಎಂದರೆ ನಿಲ್ಲುತ್ತದೆ. ಪರದೆಯ ಮೂಲೆಯಲ್ಲಿ ಬಂದಿದ್ದದ್ದು ಸಾಕು ಅಲ್ಲ. ಇನ್ನೂ.

“ಸರ್,” ಎಂದೆ ವೈದ್ಯರಿಗೆ, “ಬರೆಯೋದು ನಿಲ್ಲಿಸಿ. ಅವರ ಮಾತು ಮುಗಿದಿಲ್ಲ.”

ಅವರು ಪೆನ್ನು ಹಿಡಿದುಕೊಂಡೇ ನಿಂತರು. ಅ ಸಾಲು. ಅ. ಮೇಡಂ ಮತ್ತೆ ಕುರ್ಚಿ ಎಳೆದುಕೊಂಡರು. ಯ ಸಾಲು. ಲ. ಹೊರಗೆ ಯಾರೋ ಹೋಟೆಲಿನ ಕದ ಬಡಿದು “ಇಡ್ಲಿ ಅಯ್ತಾ?” ಎಂದು ಕೇಳಿದರು, ಯಾರೂ ಕದದ ಕಡೆ ಹೋಗಲಿಲ್ಲ. ವೈದ್ಯರು ಕಾಲು ಬದಲಾಯಿಸಿದರು, ಆಮೇಲೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ತ ಸಾಲು. ನ. ಇಳಿ. ಮತ್ತೆ ತ ಸಾಲು, ಮತ್ತೆ ನ. ಕೊಂಬು. ಆಮೇಲೆ, ಸಾಕು.

ಪರದೆಯ ಮೇಲೆ ‘ಮರ ಅಲ ನಾನು’ ಎಂದಿತ್ತು.

ಮೊದಲು ಬಾಯಿಬಿಟ್ಟವರು ನಾದಿನಿ. ಒತ್ತನ್ನು ಅವರೇ ಸೇರಿಸಿ ಓದಿದರು. “ಮರ ಅಲ್ಲ ನಾನು ಅಂತವ್ಳೆ.” ಆಮೇಲೆ ಮಂಚದ ಅಂಚಿಗೆ ಕೂತು, ಅತ್ತಿಗೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, “ಗೊತ್ತಾಯ್ತು ಕಣತ್ತಿಗೆ. ಗೊತ್ತಾಯ್ತು ಬುಡು,” ಎಂದರು. ಅಷ್ಟು ದಿನಗಳಲ್ಲಿ ಅವರು ಅತ್ತಿಗೆಗೇ ನೇರವಾಗಿ ಆಡಿದ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ವೈದ್ಯರು ಕಡತ ಮುಚ್ಚಿ ಚೀಲದಲ್ಲಿಟ್ಟರು. ಅವರಿಗೆ ಸಂಜೆಗೆ ಹಾಸನದಲ್ಲಿ ರೋಗಿಗಳಿದ್ದರು. ಎದ್ದು ನಿಂತು, ನನ್ನ ಕಡೆ ತಿರುಗಲು ಹೋದವರು ತಡೆದುಕೊಂಡು, ಮಂಚದ ಕಡೆ ಬಗ್ಗಿದರು. ಇಯರ್‌ಫೋನನ್ನು ತಾವೇ ಎತ್ತಿ ಹಿಡಿದು ಕೇಳಿದರು.

“ನಾನಿನ್ನು ಹೊರಡಲಾ ಅಮ್ಮ?”

ಇಯರ್‌ಫೋನನ್ನು ವಾಪಸು ಇಟ್ಟರು. ಮೇಡಂ ಯಂತ್ರವನ್ನು ಮತ್ತೆ ಶುರು ಮಾಡಿದರು. ಸರಿ, ಬೇಡ, ಸಾಕು, ಇನ್ನೂ. ಬೇಡ, ಇನ್ನೂ, ಸರಿ, ಸಾಕು. ನಾವೆಲ್ಲ ಕಾದೆವು. ಅವರೂ, ಚೀಲ ಹೆಗಲಿಗೆ ಹಾಕಿಕೊಂಡೇ, ಕಾದರು. ಗೆರೆ ಎದ್ದಿತು.

ಬೇಡ.

ವೈದ್ಯರು ಚೀಲ ಇಳಿಸಿ ಸ್ಟೂಲಿನ ಮೇಲೆ ಕೂತರು.